ದಿನವಾರು ಬರೆಯಬೇಕಾದರೆ ದಿನವಾರು ಓದಬೇಡಿ

1942ರ ಆಗಸ್ಟ್‌ನಲ್ಲಿ ಪೆಸಿಫಿಕ್ ಸಾಗರದ ಗ್ವಾಡಲ್‌ಕೆನಾಲ್ ಪಕ್ಕದ ಸಾವೋ ದ್ವೀಪದ ಬಳಿ ನಡೆದ ರಾತ್ರಿ ಕದನದ ತಾರೀಖು ಯಾವುದು? ಅಮೆರಿಕದ ವರದಿಗಳಲ್ಲಿ ಆಗಸ್ಟ್ 9, ನಸುಕಿನ ಒಂದೂಮುಕ್ಕಾಲರ ಆಸುಪಾಸು. ಜಪಾನಿನ ದಾಖಲೆಗಳಲ್ಲಿ ಆಗಸ್ಟ್ 8, ರಾತ್ರಿ ಹನ್ನೊಂದೂಮುಕ್ಕಾಲರ ಆಸುಪಾಸು. ಎರಡೂ ಸರಿ. ಜಪಾನಿನ ನೌಕಾಪಡೆ ಎಷ್ಟು ದೂರ ಹೋದರೂ ಟೋಕಿಯೋ ಕಾಲವನ್ನೇ ಇಟ್ಟುಕೊಂಡಿತ್ತು, ಅಮೆರಿಕನ್ನರು ಅಲ್ಲಿಯ ವಲಯದ ಕಾಲ ಹಿಡಿದಿದ್ದರು. ಎರಡೇ ಗಂಟೆಯ ವ್ಯತ್ಯಾಸ, ಆದರೆ ನಡುವೆ ಮಧ್ಯರಾತ್ರಿ ಇದೆ. ಇದನ್ನು ಗಮನಿಸದೆ ಎರಡೂ ಕಡೆಯ ಪುಸ್ತಕಗಳಿಂದ ಆಯ್ದು ದಿನಸೂಚಿ ಮಾಡಿದರೆ ಅಲ್ಲಿ ಕಳೆದುಹೋದ ಮಿತ್ರಪಕ್ಷದ ನಾಲ್ಕು ಭಾರಿ ಕ್ರೂಸರ್ ಯುದ್ಧನೌಕೆಗಳು ಎರಡೆರಡು ಸಲ ಮುಳುಗುತ್ತವೆ.

ಎರಡು ಮಹಾಯುದ್ಧಗಳ ನೌಕಾ ಮತ್ತು ವಾಯು ಕಾರ್ಯಾಚರಣೆಗಳನ್ನು ದಿನದಿನದ ಲೆಕ್ಕದಲ್ಲಿ ಕಟ್ಟಲು ಹೊರಟವರು ಸಾಮಾನ್ಯವಾಗಿ ಒಂದು ತಾರೀಖು ಹಿಡಿದು, ಆ ದಿನ ಜಗತ್ತಿನ ಎಲ್ಲೆಲ್ಲಿ ಏನಾಯಿತು ಎಂದು ಹತ್ತಾರು ಮೂಲಗಳಲ್ಲಿ ಹುಡುಕುತ್ತಾರೆ. ಈ ಕೆಲಸದಲ್ಲಿ ಕಲಿಯಬೇಕಾದ ಮೊದಲ ಪಾಠ ಇದಕ್ಕೆ ತದ್ವಿರುದ್ಧ. ಓದುವುದು ಕಡತದ ಪ್ರಕಾರ, ಬರೆಯುವುದು ದಿನದ ಪ್ರಕಾರ. ಒಂದು ಹಡಗಿನ ಲಾಗ್ (ಸಂಚಾರದ ದಿನಚರಿ) ಅಥವಾ ಒಂದು ಸ್ಕ್ವಾಡ್ರನ್ನಿನ (ವಾಯುಪಡೆಯ ತುಕಡಿಯ) ದಾಖಲೆಯನ್ನು ಕನಿಷ್ಠ ಒಂದು ತಿಂಗಳಷ್ಟಾದರೂ ಸತತವಾಗಿ ಓದಿದರೆ ಅದು ಯಾವ ಗಡಿಯಾರ ಹಿಡಿದಿದೆ, ಬರೆದವರು ಏನನ್ನು ಬಿಡುತ್ತಾರೆ, ರಾತ್ರಿಯ ಘಟನೆಗೆ ಯಾವ ತಾರೀಖು ಹಾಕುತ್ತಾರೆ ಎಂಬುದೆಲ್ಲ ಗೊತ್ತಾಗುತ್ತದೆ. ಒಂದೇ ಪುಟ ತೆಗೆದು ನೋಡಿದವರಿಗೆ ಇದು ಯಾವುದೂ ಕಾಣುವುದಿಲ್ಲ.

ಕಾಲದ ವಿಷಯದಲ್ಲಿ ನಿಯಮ ಒಂದೇ: ಮೂಲದಲ್ಲಿ ಇದ್ದ ತಾರೀಖು, ಮೂಲದಲ್ಲಿ ಇದ್ದ ಸಮಯ, ಆ ಸಮಯದ ವಲಯ, ಲೆಕ್ಕ ಹಾಕಿ ಪಡೆದ ಗ್ರೀನಿಚ್ ಸಮಯ, ಇವು ನಾಲ್ಕು ಪ್ರತ್ಯೇಕ ಕಾಲಂಗಳು. ಮೊದಲ ಎರಡನ್ನು ಎಂದಿಗೂ ತಿದ್ದಬಾರದು. ವಲಯ ತಪ್ಪೆಂದು ಆಮೇಲೆ ಗೊತ್ತಾದರೆ ನಾಲ್ಕನೆಯದನ್ನು ಮಾತ್ರ ಮತ್ತೆ ಲೆಕ್ಕ ಹಾಕಬಹುದು. ಮೂಲದ ಸಮಯದ ಮೇಲೆಯೇ ತಿದ್ದಿ ಬರೆದವರಿಗೆ ಆ ದಾರಿ ಇಲ್ಲ.

ವಲಯಗಳಿಗೆ ಅಕ್ಷರಗಳಿವೆ. ಝಡ್ ಎಂದರೆ ಗ್ರೀನಿಚ್. ಪೂರ್ವಕ್ಕೆ ಎ ಇಂದ ಎಂ ವರೆಗೆ ಒಂದೊಂದು ಗಂಟೆ ಹೆಚ್ಚುತ್ತದೆ, ಜೆ ಅಕ್ಷರ ಬಿಟ್ಟು. ಪಶ್ಚಿಮಕ್ಕೆ ಎನ್ ಇಂದ ವೈ ವರೆಗೆ ಇಳಿಯುತ್ತದೆ. ಟೋಕಿಯೋ ಕಾಲ ಐ. ಇಷ್ಟು ಸುಲಭ. ಕಷ್ಟವಿರುವುದು ಚಿಹ್ನೆಯಲ್ಲಿ. ಅಮೆರಿಕದ ನೌಕಾ ವರದಿಯಲ್ಲಿ 'ವಲಯ ಪ್ಲಸ್ 12' ಎಂದಿದ್ದರೆ ಗ್ರೀನಿಚ್‌ಗಿಂತ 12 ಗಂಟೆ ಮುಂದೆ ಎಂದಲ್ಲ. ಗ್ರೀನಿಚ್ ಕಾಲ ಪಡೆಯಲು 12 ಕೂಡಿಸಬೇಕು ಎಂದು. ಇಂದಿನ ಫೋನು, ಕಂಪ್ಯೂಟರುಗಳ ಪದ್ಧತಿಗೆ ಇದು ನೇರ ವಿರುದ್ಧ. ಮಿಡ್‌ವೇ ಕದನದಲ್ಲಿ ಜಪಾನಿನ ಮೂರು ವಿಮಾನವಾಹಕಗಳಿಗೆ ಬಾಂಬು ಬಿದ್ದದ್ದು ಮಿಡ್‌ವೇ ಕಾಲದಲ್ಲಿ 1942ರ ಜೂನ್ 4ರ ಬೆಳಿಗ್ಗೆ ಸುಮಾರು 10:25ಕ್ಕೆ. 12 ಕೂಡಿಸಿದರೆ ಗ್ರೀನಿಚ್‌ನಲ್ಲಿ ಅದೇ ದಿನ ರಾತ್ರಿ 22:25, ಟೋಕಿಯೋ ಕಾಲದಲ್ಲಿ ಜೂನ್ 5ರ ಬೆಳಿಗ್ಗೆ 7:25. ಚಿಹ್ನೆ ತಿರುಗಿದರೆ ಉತ್ತರ ಜೂನ್ 3ರ ರಾತ್ರಿಗೆ ಹೋಗಿ ನಿಲ್ಲುತ್ತದೆ.

ಪೂರ್ಣ ಗಂಟೆಯ ವಲಯವೇ ಇರುತ್ತದೆ ಎಂದೂ ಭಾವಿಸಬೇಡಿ. 1941ರಲ್ಲಿ ಹವಾಯಿ ಗ್ರೀನಿಚ್‌ಗಿಂತ ಹತ್ತೂವರೆ ಗಂಟೆ ಹಿಂದಿತ್ತು, ಮಲಯಾ ಏಳೂವರೆ ಗಂಟೆ ಮುಂದಿತ್ತು. ಪರ್ಲ್ ಹಾರ್ಬರ್ ದಾಳಿ ಡಿಸೆಂಬರ್ 7ರ ಬೆಳಿಗ್ಗೆ 7:55, ಮಲಯಾದ ಕೋಟ ಭಾರುವಿನಲ್ಲಿ ಜಪಾನ್ ಸೇನೆ ಇಳಿದದ್ದು ಡಿಸೆಂಬರ್ 8ರ ಮಧ್ಯರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ. ತಾರೀಖು ನೋಡಿದರೆ ಮಲಯಾ ಮರುದಿನದ್ದು. ಗ್ರೀನಿಚ್‌ಗೆ ತಂದರೆ ಪರ್ಲ್ ಹಾರ್ಬರ್ 18:25, ಮಲಯಾ ಅದಕ್ಕಿಂತ ಒಂದು ಗಂಟೆಗೂ ಹೆಚ್ಚು ಮೊದಲು.

ಯುರೋಪಿನಲ್ಲಿ ತೊಡಕು ಬೇಸಿಗೆ ಕಾಲದ್ದು, ಅಂದರೆ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿಯದ್ದು. ಜರ್ಮನಿ 1940ರ ಏಪ್ರಿಲ್ 1ರಿಂದ 1942ರ ನವೆಂಬರ್ 2ರವರೆಗೆ, ನಡುವಿನ ಚಳಿಗಾಲಗಳನ್ನೂ ಸೇರಿಸಿ, ಬೇಸಿಗೆ ಕಾಲವನ್ನೇ ಮುಂದುವರಿಸಿತು. ಅಂದರೆ ಗ್ರೀನಿಚ್‌ಗಿಂತ ಎರಡು ಗಂಟೆ ಮುಂದೆ. 1942ರ ಜನವರಿಯಲ್ಲಿ ಅಮೆರಿಕದ ಪೂರ್ವ ಕರಾವಳಿಗೆ ಬಂದ ಯು-ಬೋಟುಗಳೂ (ಜರ್ಮನ್ ಜಲಾಂತರ್ಗಾಮಿಗಳೂ) ಇದೇ ಜರ್ಮನ್ ಕಾಲದಲ್ಲಿ ದಿನಚರಿ ಬರೆದವು. ಅಲ್ಲಿಯ ಕಾಲಕ್ಕೂ ಇದಕ್ಕೂ 7 ಗಂಟೆ ಅಂತರ. ಹಾಗಾಗಿ ಸಂಜೆ 5ರ ನಂತರ ಮುಳುಗಿದ ಪ್ರತಿ ಹಡಗಿಗೂ ಜರ್ಮನ್ ದಿನಚರಿಯಲ್ಲಿ ಮರುದಿನದ ತಾರೀಖು ಬೀಳುತ್ತದೆ. ಬ್ರಿಟನ್ 1941ರ ಬೇಸಿಗೆಯಿಂದ ಇಮ್ಮಡಿ ಬೇಸಿಗೆ ಕಾಲ (ಎರಡು ಗಂಟೆ ಮುಂದೆ) ತಂದಿತು, ಚಳಿಗಾಲದಲ್ಲೂ ಒಂದು ಗಂಟೆ ಮುಂದೆಯೇ ಇತ್ತು. ಮೊದಲ ಮಹಾಯುದ್ಧದಲ್ಲಿ ಇನ್ನೂ ಎಚ್ಚರ ಬೇಕು. ಜರ್ಮನಿ ಮೊದಲ ಬಾರಿಗೆ ಬೇಸಿಗೆ ಕಾಲ ಜಾರಿಗೆ ತಂದದ್ದು 1916ರ ಏಪ್ರಿಲ್ 30, ಬ್ರಿಟನ್ ಮೇ 21, ಆ ಎರಡು ನೌಕಾಪಡೆಗಳ ನಡುವಿನ ಜಟ್‌ಲ್ಯಾಂಡ್ ಕದನ ಮೇ 31. ಆ ಕದನದ ಯಾವುದೇ ವಿವರಣೆ ಕೈಗೆತ್ತಿಕೊಂಡರೂ ಮುನ್ನುಡಿಯಲ್ಲಿ ಕಾಲದ ಬಗ್ಗೆ ಏನು ಹೇಳಿದ್ದಾರೆಂದು ಮೊದಲು ನೋಡಿ. ರಷ್ಯಾದ ಕಾಗದಗಳಲ್ಲಿ 1918ರ ಜನವರಿ ಕೊನೆಯವರೆಗೂ ಹಳೆಯ ಪಂಚಾಂಗ, 13 ದಿನ ಹಿಂದೆ. ರಷ್ಯಾದ ಬಂದರುಗಳಾಗಿದ್ದ ಸೆವಾಸ್ತೊಪೋಲ್, ಒಡೆಸ್ಸಾಗಳ ಮೇಲೆ ಟರ್ಕಿಯ ನೌಕಾಪಡೆ 1914ರ ಅಕ್ಟೋಬರ್ 29ರಂದು ಮಾಡಿದ ದಾಳಿ ಅಲ್ಲಿ ಅಕ್ಟೋಬರ್ 16.

ವಲಯ ಸರಿಯಾಗಿ ಹಿಡಿದೆವೋ ಇಲ್ಲವೋ ಎಂದು ತಿಳಿಯಲು ಎರಡು ಪರೀಕ್ಷೆಗಳಿವೆ. ಆ ಅಕ್ಷಾಂಶ, ರೇಖಾಂಶ, ತಾರೀಖಿಗೆ ಸೂರ್ಯೋದಯ ಮತ್ತು ಚಂದ್ರೋದಯ ಲೆಕ್ಕ ಹಾಕಿ. 'ಮುಂಜಾವಿನ ಮಬ್ಬಿನಲ್ಲಿ ದಾಳಿ' ಎಂದು ವರದಿ ಹೇಳಿ, ಲೆಕ್ಕದಲ್ಲಿ ಸೂರ್ಯ ಮೇಲೆದ್ದು ಮೂರು ಗಂಟೆಯಾಗಿದ್ದರೆ ವಲಯ ತಪ್ಪಿದೆ. ಆದರೆ ಒಂದು ಗಂಟೆಯ ತಪ್ಪನ್ನು ಸೂರ್ಯ ಯಾವಾಗಲೂ ಹಿಡಿದುಕೊಡುವುದಿಲ್ಲ. ಅದಕ್ಕೆ ಎರಡೂ ಪಕ್ಷದವರು ಬರೆದಿರಲೇಬೇಕಾದ ಘಟನೆ ಬೇಕು: ಟಾರ್ಪಿಡೊ ಬಡಿದ ಕ್ಷಣ, ಮೊದಲ ಗುಂಡು, ಬಂದರಿನ ಮೇಲೆ ಬಿದ್ದ ಮೊದಲ ಬಾಂಬು. ಅಂಥ ಮೂರು ನಾಲ್ಕು ಘಟನೆ ಹೊಂದಿಸಿದರೆ ಇಡೀ ಕಡತದ ಗಡಿಯಾರ ಖಚಿತವಾಗುತ್ತದೆ. ಕಡತದ ಪ್ರಕಾರ ಓದುವುದರ ದೊಡ್ಡ ಲಾಭ ಇದೇ.

ನಿಸ್ತಂತು ಸಂದೇಶಗಳಲ್ಲಿ ಮೂರು ಸಮಯಗಳಿರುತ್ತವೆ: ಬರೆದದ್ದು, ತಲುಪಿದ್ದು, ಘಟನೆ ನಡೆದದ್ದು. ರಷ್ಯಾಕ್ಕೆ ಸರಕು ಒಯ್ಯುತ್ತಿದ್ದ ಪಿಕ್ಯೂ 17 ಬೆಂಗಾವಲು ದಂಡಿಗೆ 1942ರ ಜುಲೈ 4ರಂದು ಲಂಡನ್ನಿನ ಅಡ್ಮಿರಾಲ್ಟಿಯಿಂದ (ಬ್ರಿಟಿಷ್ ನೌಕಾ ಇಲಾಖೆಯಿಂದ) ಹೋದ, ಚದುರಿಹೋಗಿ ಎಂಬುದೂ ಸೇರಿದ ಮೂರು ಆದೇಶಗಳನ್ನು 2111ಬಿ/4, 2123ಬಿ/4, 2136ಬಿ/4 ಎಂದು ಗುರುತಿಸುತ್ತಾರೆ. ಬಿ ವಲಯ, 4ನೇ ತಾರೀಖು, 21:11 ಎಂದು ಓದಬೇಕು, ಗ್ರೀನಿಚ್‌ನಲ್ಲಿ 19:11. ಇದು ಆದೇಶ ಹುಟ್ಟಿದ ಸಮಯ. ಹಡಗಿನಲ್ಲಿ ಅದನ್ನು ಬಿಡಿಸಿ ಓದಿದ ಸಮಯ ಬೇರೆ, ಹಡಗುಗಳು ನಿಜಕ್ಕೂ ಚದುರಿದ ಸಮಯ ಇನ್ನೂ ಬೇರೆ. ಯಾವುದನ್ನು ದಾಖಲಿಸುತ್ತಿದ್ದೀರಿ ಎಂದು ಸಾಲಿನಲ್ಲೇ ಬರೆಯಿರಿ.

ಇನ್ನು ಮೂಲಗಳು. ಬ್ರಿಟನ್ನಿನ ರಾಷ್ಟ್ರೀಯ ದಾಖಲಾಗಾರ ಇರುವುದು ಲಂಡನ್ನಿನ ಕ್ಯೂ ಎಂಬಲ್ಲಿ. ಹಡಗಿನ ಲಾಗ್ ಅಲ್ಲಿಯ ಎಡಿಎಂ (ಅಡ್ಮಿರಾಲ್ಟಿ) 53 ಸರಣಿಯಲ್ಲಿದೆ: ದಿಕ್ಕು, ವೇಗ, ಹವಾಮಾನ, ದಿನದ ನಿಗದಿತ ಹೊತ್ತುಗಳ ಸ್ಥಾನ. ಹಡಗು ಎಲ್ಲಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಆಧಾರವಿಲ್ಲ, ಏಕೆ ಅಲ್ಲಿತ್ತು ಎಂಬುದಕ್ಕೆ ಇದರಲ್ಲಿ ಏನೂ ಸಿಗುವುದಿಲ್ಲ. ಎರಡನೇ ಯುದ್ಧದ ಬಹುಭಾಗಕ್ಕೆ ಡಿಸ್ಟ್ರಾಯರ್ ಎಂಬ ಸಣ್ಣ ಯುದ್ಧನೌಕೆ ಹಾಗೂ ಅದಕ್ಕಿಂತ ಚಿಕ್ಕ ಹಡಗುಗಳ ಲಾಗ್ ಉಳಿಸಿಲ್ಲ. ಅವುಗಳಿಗೆ ಎಡಿಎಂ 199ರ ಕಾರ್ಯಾಚರಣೆ ವರದಿಗಳೇ ಗತಿ. ಮೊದಲ ಯುದ್ಧದ ವರದಿಗಳು ಎಡಿಎಂ 137ರಲ್ಲಿ. ಅಮೆರಿಕದ ರಾಷ್ಟ್ರೀಯ ದಾಖಲಾಗಾರದಲ್ಲಿ ಡೆಕ್ ಲಾಗ್ (ಹಡಗಿನ ಲಾಗ್) ದಾಖಲೆ ಸಮೂಹ 24ರಲ್ಲಿ, ಯುದ್ಧ ದಿನಚರಿ ಮತ್ತು ಕದನ ವರದಿಗಳು ಸಮೂಹ 38ರಲ್ಲಿ. ಎರಡನ್ನೂ ಜೋಡಿಯಾಗಿ ಓದಬೇಕು.

ಬ್ರಿಟಿಷ್ ವಾಯುಪಡೆಯ ಸ್ಕ್ವಾಡ್ರನ್ ದಾಖಲೆ ಪುಸ್ತಕ ಕ್ಯೂನ ಏರ್ 27 ಸರಣಿಯಲ್ಲಿದೆ. ಫಾರ್ಮ್ 540 ದಿನದ ಸಾರಾಂಶ. ಫಾರ್ಮ್ 541 ಒಂದೊಂದು ಹಾರಾಟದ ವಿವರ: ವಿಮಾನದ ಸಂಖ್ಯೆ, ಸಿಬ್ಬಂದಿ, ಏರಿದ ಹೊತ್ತು, ಇಳಿದ ಹೊತ್ತು. ಎರಡೂ ಒಂದನ್ನೊಂದು ಒಪ್ಪದಿದ್ದರೆ 541ನ್ನು ನಂಬುವುದು ವಾಸಿ, ಏಕೆಂದರೆ ಸಾರಾಂಶವನ್ನು ಎಷ್ಟೋ ಕಡೆ ತಿಂಗಳ ಕೊನೆಗೆ ಕೂತು ಒಟ್ಟಿಗೆ ಬರೆದಿರುತ್ತಾರೆ. ಸಂಶಯ ಬಂದರೆ ವಾಯುನೆಲೆಯ ದಾಖಲೆ ಏರ್ 28, ಹಲವು ಸ್ಕ್ವಾಡ್ರನ್‌ಗಳು ಸೇರಿದ ಗ್ರೂಪಿನದು ಏರ್ 25. ರಾತ್ರಿ ದಾಳಿಗಳಿಗೆ ಯಾವಾಗಲೂ ಜೋಡಿ ತಾರೀಖು ಹಾಕಿ. ಜರ್ಮನಿಯ ಅಣೆಕಟ್ಟುಗಳ ಮೇಲಿನ ದಾಳಿ 1943ರ ಮೇ 16/17. 19 ವಿಮಾನಗಳು ಏರಿದ್ದು 16ರ ರಾತ್ರಿ, ಅಣೆಕಟ್ಟುಗಳು ಒಡೆದದ್ದು 17ರಂದು. ಮರಳದ 8 ವಿಮಾನಗಳಲ್ಲಿ ಕೆಲವು 16ರಂದೇ ಬಿದ್ದವು, ಉಳಿದವು 17ರಂದು.

ಜರ್ಮನ್ ನೌಕಾಪಡೆಯ ದಾಖಲೆಗಳು 1945ರಲ್ಲಿ ಜರ್ಮನಿಯ ಟಾಂಬಾಖ್ ಕೋಟೆಯಲ್ಲಿ ಬಹುತೇಕ ಇಡಿಯಾಗಿ ಸಿಕ್ಕವು, ಈಗ ಅಲ್ಲಿಯದೇ ಫ್ರೈಬುರ್ಗ್ ನಗರದಲ್ಲಿವೆ. ಲುಫ್ಟ್‌ವಾಫೆಯ (ಜರ್ಮನ್ ವಾಯುಪಡೆಯ) ಬಹುಪಾಲು ಕಾಗದ ಯುದ್ಧದ ಕೊನೆಗೆ ನಾಶವಾಯಿತು. ಜಪಾನಿನಲ್ಲಿ 1945ರ ಆಗಸ್ಟ್‌ನಲ್ಲಿ ರಾಶಿಗಟ್ಟಲೆ ಸುಟ್ಟರು. ಉಳಿದದ್ದು ಏಷ್ಯಾ ಐತಿಹಾಸಿಕ ದಾಖಲೆಗಳ ಜಪಾನ್ ಕೇಂದ್ರದ ತಾಣದಲ್ಲಿ ಉಚಿತವಾಗಿ ಸಿಗುತ್ತದೆ.

ಜರ್ಮನ್ ನೌಕಾ ನಕ್ಷೆಯಲ್ಲಿ ಸ್ಥಾನ ಅಕ್ಷಾಂಶದಲ್ಲಿ ಇರುವುದಿಲ್ಲ, ಚೌಕದಲ್ಲಿ ಇರುತ್ತದೆ: ಎರಡು ಅಕ್ಷರ, ನಾಲ್ಕು ಅಂಕಿ. ಅಕ್ಷರಗಳು ಸೂಚಿಸುವ ದೊಡ್ಡ ಚೌಕದ ಬದಿ 486 ನಾಟಿಕಲ್ ಮೈಲಿ. ಪ್ರತಿ ಅಂಕಿಯೂ ಅದನ್ನು ಮೂರಕ್ಕೆ ಮೂರರಂತೆ ಒಡೆಯುತ್ತದೆ: 162, 54, 18, ಕೊನೆಗೆ 6 ಮೈಲಿ. ಕಡಲ ಅಂಚುಗಳಲ್ಲಿ ಇದಕ್ಕೆ ಹೊರತಾದ ಚೌಕಗಳಿವೆ, ಆದ್ದರಿಂದ ಸೂತ್ರವನ್ನೇ ನಂಬದೆ ನಕ್ಷೆ ನೋಡಿ. ಪರಿವರ್ತಿಸಿದಾಗ ಸಿಗುವುದು ಚೌಕದ ನಡುಬಿಂದು ಮಾತ್ರ. ಅದನ್ನು ಸೆಕೆಂಡುಗಳವರೆಗೆ ಬರೆದರೆ ಇಲ್ಲದ ನಿಖರತೆಯನ್ನು ಹುಟ್ಟಿಸಿದಂತೆ. ಮೇಲಾಗಿ ಮೋಡ ಕವಿದ ದಿನಗಳಲ್ಲಿ ಜಲಾಂತರ್ಗಾಮಿಯ ಅಂದಾಜು ಸ್ಥಾನವೇ ಹತ್ತಾರು ಮೈಲಿ ಜಾರಿರಬಹುದು. 'ಸ್ಥಾನದ ಅನಿಶ್ಚಿತತೆ, ಮೈಲಿಗಳಲ್ಲಿ' ಎಂಬ ಕಾಲಂ ಇಲ್ಲದ ಪಟ್ಟಿಯಿಂದ ನಕ್ಷೆ ಬಿಡಿಸಬೇಡಿ.

ಹೊಡೆದೆವು ಎಂದದ್ದು ಒಂದು ಕಾಲಂ, ನಿಜಕ್ಕೂ ಕಳೆದುಹೋದದ್ದು ಇನ್ನೊಂದು. 1940ರ ಸೆಪ್ಟೆಂಬರ್ 15ರಂದು ಬ್ರಿಟನ್ 185 ಜರ್ಮನ್ ವಿಮಾನ ಉರುಳಿಸಿದ್ದಾಗಿ ಪ್ರಕಟಿಸಿತು. ಜರ್ಮನ್ ಲೆಕ್ಕದಲ್ಲಿ ನಷ್ಟ ಸುಮಾರು 60. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಒಂದೇ ವಿಮಾನಕ್ಕೆ ನಾಲ್ಕು ಜನ ಬೇರೆ ಬೇರೆ ಕೋನದಿಂದ ಗುಂಡು ಹೊಡೆಯುತ್ತಾರೆ, ಹೊಗೆ ಬಿಟ್ಟು ಮೋಡಕ್ಕೆ ಧುಮುಕಿದ್ದು ಕಾಣುತ್ತದೆ, ಆಮೇಲಿನದು ಯಾರಿಗೂ ಕಾಣುವುದಿಲ್ಲ. ಜಲಾಂತರ್ಗಾಮಿಯೊಳಗೆ ಇರುವವರಿಗೆ ಕೇಳುವುದು ಸ್ಫೋಟದ ಸದ್ದು ಮಾತ್ರ, ಗುರಿ ತಪ್ಪಿದ ಟಾರ್ಪಿಡೊ ಕೊನೆಗೆ ಸಿಡಿದರೂ ಅದೇ ಸದ್ದು. ನಷ್ಟಕ್ಕೆ ಕಳೆದುಕೊಂಡವರ ದಾಖಲೆಯೇ ಮುಖ್ಯ ಆಧಾರ. ಅದನ್ನೂ ಓದುವ ಬಗೆ ಗೊತ್ತಿರಬೇಕು: ಲುಫ್ಟ್‌ವಾಫೆಯ ನಷ್ಟಪಟ್ಟಿಯಲ್ಲಿ ಶೇಕಡಾ ಅಂಕಿ ಇರುತ್ತದೆ; 100 ಎಂದರೆ ಪೂರ್ಣ ನಾಶ, 60ರಿಂದ ಮೇಲೆ ಮತ್ತೆ ಹಾರದ್ದು, ಅದಕ್ಕಿಂತ ಕಡಿಮೆ ದುರಸ್ತಿಯಾಗುವಂಥದ್ದು. 35 ಶೇಕಡಾದ ವಿಮಾನವನ್ನು 'ಉರುಳಿತು' ಎಂದು ಎಣಿಸಿದ ಪಟ್ಟಿಗಳು ಸಾಕಷ್ಟಿವೆ.

ಟನ್ನುಗಳನ್ನು ಕೂಡಿಸುವಾಗಲೂ ಜೋಪಾನ. ವ್ಯಾಪಾರಿ ಹಡಗಿನ ಗ್ರಾಸ್ ಟನ್ ತೂಕವಲ್ಲ, 100 ಘನ ಅಡಿಗೆ ಒಂದರಂತೆ ಲೆಕ್ಕ ಹಾಕಿದ ಒಳ ಅವಕಾಶ. ಯುದ್ಧನೌಕೆಯದು ನಿಜವಾದ ತೂಕ. ಎರಡನ್ನೂ ಕೂಡಿಸಿದ ಮೊತ್ತಕ್ಕೆ ಅರ್ಥವಿಲ್ಲ. ಹೆಸರುಗಳೂ ಹಾಗೆಯೇ: ಒಂದೇ 'ಮಾರು' ಹೆಸರಿನ ಜಪಾನಿ ಹಡಗುಗಳು ಹಲವಾರು, ಅವನ್ನು ಗ್ರಾಸ್ ಟನ್ ಮತ್ತು ಕಟ್ಟಿದ ವರ್ಷದಿಂದಲೇ ಬೇರ್ಪಡಿಸಬೇಕು, ಯು-9, ಯು-35 ಎಂಬ ಜಲಾಂತರ್ಗಾಮಿ ಸಂಖ್ಯೆಗಳು ಎರಡೂ ಯುದ್ಧಗಳಲ್ಲಿವೆ.

ಸ್ಪ್ರೆಡ್‌ಶೀಟು ಕೂಡ ತೊಂದರೆ ಕೊಡುತ್ತದೆ. 5/4/42 ಎಂಬುದು ಬ್ರಿಟಿಷ್ ಕಾಗದದಲ್ಲಿ ಏಪ್ರಿಲ್ 5, ಕೊಲಂಬೊ ಮೇಲೆ ಜಪಾನಿನ ವಾಹಕಗಳು ದಾಳಿ ಮಾಡಿದ ದಿನ. ಅಮೆರಿಕದ ಕಾಗದದಲ್ಲಿ ಅದೇ ಬರಹ ಮೇ 4, ಅಮೆರಿಕದ ವಿಮಾನವಾಹಕ ಯಾರ್ಕ್‌ಟೌನ್‌ನ ವಿಮಾನಗಳು ಗ್ವಾಡಲ್‌ಕೆನಾಲ್ ಬಳಿಯ ತುಲಾಗಿಯ ಮೇಲೆ ಎರಗಿದ ದಿನ. ಎಕ್ಸೆಲ್‌ನಲ್ಲಿ ಎರಡಂಕಿ ವರ್ಷ ಬರೆದರೆ ಸಾಮಾನ್ಯವಾಗಿ 42 ಎಂಬುದು 1942 ಆಗುತ್ತದೆ, 14 ಎಂಬುದು 2014 ಆಗುತ್ತದೆ. ಜರ್ಮನ್ ಯುದ್ಧನೌಕೆ ಎಂಡೆನ್ ಮದ್ರಾಸಿನ ಮೇಲೆ ಗುಂಡು ಹಾರಿಸಿದ 22-9-14 ನೂರು ವರ್ಷ ಮುಂದೆ ಹೋಗುತ್ತದೆ. 0420 ಎಂಬ ಸಮಯದ ಮೊದಲ ಸೊನ್ನೆ ಉದುರಿ 420 ಉಳಿಯುತ್ತದೆ. ಆದ್ದರಿಂದ ಮೂಲದ ತಾರೀಖು, ಸಮಯದ ಕಾಲಂಗಳನ್ನು ಟೈಪಿಸಲು ಶುರುಮಾಡುವ ಮುಂಚೆಯೇ ಪಠ್ಯ ಎಂದು ನಿಗದಿ ಮಾಡಿ. ಪ್ರತಿ ಸಾಲಿಗೂ ಸರಣಿ, ಕಡತ ಸಂಖ್ಯೆ, ಪುಟ ಅಥವಾ ಚಿತ್ರದ ಸಂಖ್ಯೆ ಬೇಕು. ತೆಗೆದ ಫೋಟೋಗಳಿಗೂ ಅದೇ ಕ್ರಮದಲ್ಲಿ ಹೆಸರಿಡಿ, ಕಡತದ ಹೊದಿಕೆಯ ಫೋಟೋ ಮೊದಲು ಬರಲಿ.

ಎಲ್ಲ ಕಡತಗಳನ್ನೂ ಗ್ರೀನಿಚ್ ಸಮಯದ ಮೇಲೆ ಜೋಡಿಸಿದಾಗ ಖಾಲಿ ದಿನಗಳು ಕಾಣಿಸುತ್ತವೆ. ಅವುಗಳಲ್ಲಿ ಮೂರು ಬಗೆ, ಮೂರಕ್ಕೂ ಬೇರೆ ಗುರುತು ಹಾಕಿ: ದಾಖಲೆ ಇದೆ, ಹಾರಾಟವಾಗಲೀ ಸಂಚಾರವಾಗಲೀ ನಡೆದಿಲ್ಲ ಎಂದು ಅದೇ ಹೇಳುತ್ತದೆ; ದಾಖಲೆ ಇದೆ, ಆ ದಿನದ ಬಗ್ಗೆ ಮೌನ; ದಾಖಲೆಯೇ ಉಳಿದಿಲ್ಲ. ಮೊದಲನೆಯದು ಗಟ್ಟಿ ಮಾಹಿತಿ, ಹವಾಮಾನದ ಕಾರಣವನ್ನೂ ಸೇರಿಸಿ ಪಟ್ಟಿಗೆ ಹಾಕಬಹುದು. ಎರಡನೆಯದಕ್ಕೆ ಮೇಲಿನ ಹಂತದ ಕಡತ ಹುಡುಕಬೇಕು. ಮೂರನೆಯದಿದ್ದಲ್ಲಿ ಎದುರಾಳಿಯ ಕಡತ ತೆರೆಯಿರಿ, ಅವರ ಗಡಿಯಾರ ಯಾವುದೆಂದು ಮೊದಲು ನೋಡಿಕೊಂಡು.