ಕೊನೆ ಗೊತ್ತಿದ್ದೂ ಕೇಳುವುದು

2025 ಜುಲೈ 28, ಸೋಮವಾರ

ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್‌ನ ತಲೆ ಕಡಿದದ್ದು 1540ರ ಇದೇ ಜುಲೈ 28ರಂದು. ಅದೇ ದಿನ ದೊರೆ ಕ್ಯಾಥರೀನ್ ಹೊವರ್ಡ್‌ಳನ್ನು ಮದುವೆಯಾದ. ತಾರೀಖು ನೋಡಿಕೊಂಡೇ ಹಿಲರಿ ಮ್ಯಾಂಟೆಲ್ ಅವರ ‘ದಿ ಮಿರರ್ ಅಂಡ್ ದಿ ಲೈಟ್’ ಆಡಿಯೊ ಪುಸ್ತಕದ ಕೊನೆಯ ಭಾಗವನ್ನು ಇವತ್ತಿಗೆಂದು ಉಳಿಸಿಕೊಂಡಿದ್ದೆ. ಸುಮಾರು 38 ಗಂಟೆಗಳ ಓದು ಸಂಜೆ ಮುಗಿಯಿತು. ಓದಿದವರು ಬೆನ್ ಮೈಲ್ಸ್. ಅಪರಾಧದ ಕತೆಗಳನ್ನೂ ಚರಿತ್ರೆಯ ಕಾದಂಬರಿಗಳನ್ನೂ ಕಿವಿಯಿಂದಲೇ ಓದುತ್ತ ಬಂದ ನನಗೆ ಇಷ್ಟು ದಿನ ಮನಸ್ಸಿನಲ್ಲಿ ಕೂಡಿಟ್ಟುಕೊಂಡಿದ್ದನ್ನೆಲ್ಲ ಬರೆದುಬಿಡಬೇಕೆನಿಸಿದೆ.

ಕ್ರಾಮ್‌ವೆಲ್‌ನ ಬದುಕನ್ನು ಹೇಳುವ ಮ್ಯಾಂಟೆಲ್ ಅವರ ಮೂರು ಸಂಪುಟಗಳಲ್ಲಿ (ನಾನು ಮುಗಿಸಿದ್ದು ಕೊನೆಯದು) ಒಂದು ತೊಡಕಿದೆ. ಕತೆ ನಡೆಯುವುದು ಕ್ರಾಮ್‌ವೆಲ್‌ನ ಕಣ್ಣಿನ ಹಿಂದಿನಿಂದ. ಲೇಖಕಿ ಅವನ ಹೆಸರನ್ನು ಅಪರೂಪಕ್ಕೆ ಹೇಳುತ್ತಾರೆ, ಬಹಳ ಕಡೆ ‘ಅವನು’ ಎಂದಷ್ಟೇ ಬರುತ್ತದೆ. ಕೋಣೆಯಲ್ಲಿ ಐದು ಗಂಡಸರಿದ್ದರೆ ಮಾತನಾಡಿದವನು ಯಾರೆಂದು ಪುಟ ಹಿಂದಕ್ಕೆ ತಿರುಗಿಸಬೇಕು. ಮೊದಲ ಸಂಪುಟ ‘ವುಲ್ಫ್ ಹಾಲ್’ 2009ರಲ್ಲಿ ಬಂದಾಗ ಅದನ್ನು ಓದಿದವರು ಸೈಮನ್ ಸ್ಲೇಟರ್. 2012ರ ಎರಡನೆಯದನ್ನು ಓದಿದವರು ಸೈಮನ್ ವ್ಯಾನ್ಸ್. ಇಬ್ಬರೂ ಪಳಗಿದ ದನಿಯವರು, ಆದರೆ ಇಬ್ಬರೂ ಕ್ರಾಮ್‌ವೆಲ್‌ನ ಕತೆಯನ್ನು ಹೊರಗೆ ನಿಂತು ಹೇಳುತ್ತಾರೆ. ಬೆನ್ ಮೈಲ್ಸ್ ರಾಯಲ್ ಷೇಕ್ಸ್‌ಪಿಯರ್ ಕಂಪನಿಯ ರಂಗಪ್ರಯೋಗದಲ್ಲಿ ಕ್ರಾಮ್‌ವೆಲ್ ಆಗಿ ಅಭಿನಯಿಸಿದವರು. ಮೂರನೆಯ ಸಂಪುಟವನ್ನು ಓದಿ, ಆಮೇಲೆ ಮೊದಲ ಎರಡನ್ನೂ ಹೊಸದಾಗಿ ಓದಿಕೊಟ್ಟರು. ಅವರ ಓದಿನಲ್ಲಿ ನಿರೂಪಣೆಯ ದನಿಯೇ ಕ್ರಾಮ್‌ವೆಲ್‌ನ ದನಿ. ಉಳಿದವರೆಲ್ಲ ಅವನ ಕಿವಿಗೆ ಬಿದ್ದಂತೆ ನಮಗೆ ಕೇಳಿಸುತ್ತಾರೆ. ‘ಅವನು’ ಯಾರೆಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಅಚ್ಚಿನ ಪುಸ್ತಕ ಕೊಡಲಾಗದ ಒಂದನ್ನು ದನಿ ಕೊಡುವ ಓದುಗ ಕೊಟ್ಟಿದ್ದಾನೆ ಎಂದು ನಾನು ಧೈರ್ಯವಾಗಿ ಹೇಳಬಲ್ಲ ಪುಸ್ತಕಗಳು ಕೆಲವೇ. ಅವುಗಳಲ್ಲಿ ಇದು ಮೊದಲನೆಯದು.

ಇದಕ್ಕಿಂತ ದೊಡ್ಡ ಸಾಧನೆ ಇನ್ನೊಂದಿದೆ. ಕ್ರಾಮ್‌ವೆಲ್ ಸಾಯುತ್ತಾನೆಂದು ಮೈಲ್ಸ್‌ಗೆ ಗೊತ್ತು, ನನಗೂ ಗೊತ್ತು. ಹೆನ್ರಿಯ ರಾಣಿ ಆ್ಯನ್ ಬೋಲಿನ್‌ಳ ಶಿರಚ್ಛೇದದಿಂದ ಶುರುವಾಗುವ ಪುಸ್ತಕದ ಉದ್ದಕ್ಕೂ ಅವನಿಗಾಗಿ ಕೊಡಲಿ ಕಾದು ಕುಳಿತಿದೆ. ಆದರೂ ಮೈಲ್ಸ್ ಅವರ ದನಿಯಲ್ಲಿ ಮುಂಚಿತವಾದ ಶೋಕವಿಲ್ಲ. ಲೆಕ್ಕಪತ್ರ ನೋಡುವ, ಮನೆಮಂದಿಯನ್ನು ಛೇಡಿಸುವ, ನಾಳೆಯ ಕೆಲಸ ಯೋಚಿಸುವ ಮನುಷ್ಯನ ದನಿ ಅದು. ಚರಿತ್ರೆಯ ಪುಸ್ತಕಕ್ಕೆ ದನಿ ಕೊಡುವವರು ಕಲಿಯಬೇಕಾದದ್ದು ಇದನ್ನೇ. ಕೊನೆ ಗೊತ್ತಿರುವುದನ್ನು ಬದಿಗಿಟ್ಟು, ಆ ದಿನದೊಳಗೆ ನಿಂತು ಓದುವುದು. ನಮ್ಮ ಗಮಕಿಗಳಿಗೆ ಈ ವಿದ್ಯೆ ಹೊಸದಲ್ಲ. ಹೊಸಹಳ್ಳಿಯ ಎಚ್. ಆರ್. ಕೇಶವಮೂರ್ತಿಗಳ ದನಿಯಲ್ಲಿ ಕುಮಾರವ್ಯಾಸನನ್ನು ಕೇಳಿದವರಿಗೆ ನಾನು ಹೇಳುತ್ತಿರುವುದು ತಟ್ಟನೆ ಹೊಳೆದೀತು. ಕರ್ಣ ಉಳಿಯುವುದಿಲ್ಲವೆಂದು ತಿಳಿಯದ ಒಬ್ಬ ಶ್ರೋತೃವೂ ಸಭೆಯಲ್ಲಿರುವುದಿಲ್ಲ. ಆದರೂ ಎಲ್ಲರೂ ಉಸಿರು ಬಿಗಿಹಿಡಿದು ಕೂತಿರುತ್ತಾರೆ.

ಕೊಲೆಯ ಕತೆಯಲ್ಲಿ ಪರಿಸ್ಥಿತಿ ತಲೆಕೆಳಗು. ಓದುವವರಿಗೆ ಕೊಲೆಗಾರ ಗೊತ್ತು, ಕೇಳುವವರಿಗೆ ಗೊತ್ತಿಲ್ಲ. ಗುಟ್ಟು ದನಿಯಲ್ಲಿ ಎಲ್ಲಿಯೂ ಸೋರಬಾರದು. ಅಗಾಥಾ ಕ್ರಿಸ್ಟಿಯವರ 1939ರ ‘ಅಂಡ್ ದೆನ್ ದೇರ್ ವರ್ ನನ್’ ಈ ದೃಷ್ಟಿಯಿಂದ ಓದುಗರಿಗೆ ಒಡ್ಡಿದ ಅಗ್ನಿಪರೀಕ್ಷೆ. ದ್ವೀಪದ ಮನೆಯೊಂದರಲ್ಲಿ ಹತ್ತು ಜನ. ರಾತ್ರಿ ಊಟದ ನಂತರ ಗ್ರಾಮಫೋನಿನಿಂದ ಒಂದು ದನಿ ಎದ್ದು ಹತ್ತೂ ಮಂದಿಯ ಮೇಲೆ ಸಾವಿನ ಆರೋಪ ಹೊರಿಸುತ್ತದೆ. ಅಚ್ಚಿನಲ್ಲಿ ಅದು ಒಂದು ಪುಟ, ಅಷ್ಟೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡವರಿಗೆ ಮಾತ್ರ ಆ ಗ್ರಾಮಫೋನು ತಮ್ಮ ತಲೆಯೊಳಗೇ ಇದ್ದಂತಾಗುತ್ತದೆ. ಅದಕ್ಕಿಂತ ಕಷ್ಟದ ಜಾಗ ಮುಂದೆ ಬರುತ್ತದೆ. ಉಳಿದವರ ಮನಸ್ಸಿನ ಯೋಚನೆಗಳನ್ನು ಲೇಖಕಿ ಹೆಸರು ಹೇಳದೆ ಸಾಲಾಗಿ ಇಟ್ಟಿದ್ದಾರೆ. ಯಾವುದು ಯಾರದೆಂದು ನಾವು ಊಹಿಸಬೇಕು. ಒಬ್ಬೊಬ್ಬರಿಗೆ ಒಂದೊಂದು ದನಿ ಕೊಟ್ಟು ಬಂದ ಓದುಗ ಇಲ್ಲಿ ಏನು ಮಾಡಬೇಕು? ಅದೇ ದನಿಗಳನ್ನು ಬಳಸಿದರೆ ಒಗಟು ಒಡೆದುಹೋಯಿತು. ಬಳಸದಿದ್ದರೆ ಇಷ್ಟು ಹೊತ್ತು ಪರಿಚಯವಾದವರು ಒಮ್ಮೆಗೇ ಅಪರಿಚಿತರಾಗುತ್ತಾರೆ. ಡ್ಯಾನ್ ಸ್ಟೀವನ್ಸ್ ಓದಿದ್ದನ್ನೂ ಹ್ಯೂ ಫ್ರೇಸರ್ ಓದಿದ್ದನ್ನೂ ಕೇಳಿದ್ದೇನೆ. ಸ್ಟೀವನ್ಸ್ ಪಾತ್ರಗಳಿಗೆ ಹೆಚ್ಚು ಬಣ್ಣ ಹಚ್ಚುತ್ತಾರೆ, ಕೇಳಲು ಸೊಗಸು. ಆದರೆ ಈ ಕತೆಗೆ ನನಗೆ ಬೇಕಾದದ್ದು ಫ್ರೇಸರ್ ಅವರ ಸಂಯಮ. ದೂರದರ್ಶನ ಸರಣಿಯಲ್ಲಿ ಡೇವಿಡ್ ಸುಶೆ ಕ್ರಿಸ್ಟಿಯವರ ಪತ್ತೇದಾರ ಪ್ವಾರೋ ಆಗಿದ್ದಾಗ ಅವನ ಗೆಳೆಯ ಕ್ಯಾಪ್ಟನ್ ಹೇಸ್ಟಿಂಗ್ಸ್ ಆಗಿದ್ದವರು ಇದೇ ಫ್ರೇಸರ್. ಪಕ್ಕದಲ್ಲಿ ನಿಂತು ನೋಡುವವನ ಸೌಜನ್ಯ ಅವರ ಓದಿನಲ್ಲಿ ಈಗಲೂ ಇದೆ.

ಕಿವಿಯ ಓದಿಗೆ ಇನ್ನೊಂದು ನ್ಯಾಯಗುಣವಿದೆ. ಕಣ್ಣು ಅವಸರಕ್ಕೆ ಬಿದ್ದು ಎರಡು ಸಾಲು ಹಾರಿಸುತ್ತದೆ, ಸುಳಿವು ಇರುವುದು ಅಲ್ಲಿಯೇ. ಕಿವಿಗೆ ಆ ಸ್ವಾತಂತ್ರ್ಯವಿಲ್ಲ. ವೇಗವನ್ನು ಒಂದೂವರೆ ಪಟ್ಟು ಮಾಡಿಕೊಂಡು ಪತ್ತೇದಾರಿ ಕತೆ ಕೇಳುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಓದುಗ ಅಳೆದು ಇಟ್ಟ ಮೌನವೆಲ್ಲ ಪುಡಿಯಾಗುತ್ತದೆ. ಅಧ್ಯಾಯದ ಕೊನೆಗೆ ಸಂಗೀತ ತುರುಕುವುದೂ ಬೇಡ. ಹೆಂಗಸರ ಮಾತು ಬಂದೊಡನೆ ಗಂಡು ಓದುಗರು ದನಿ ಸಣ್ಣಗೆ ಮಾಡಿ ಕೀರಲಾಗಿ ಓದುವುದೂ ಬೇಡ. ಕ್ರಿಸ್ಟಿಯವರ ವೃದ್ಧ ಪತ್ತೇದಾರಿಣಿ ಮಿಸ್ ಮಾರ್ಪಲ್ ಕತೆಗಳಲ್ಲಿ ಕೆಲವನ್ನು ಜೋನ್ ಹಿಕ್ಸನ್ ಓದಿದ್ದಾರೆ. ಬಿಬಿಸಿ ಸರಣಿಯಲ್ಲಿ ಮಾರ್ಪಲ್ ಆಗಿದ್ದ ಆ ಹಿರಿಯ ನಟಿಯ ದನಿಯಲ್ಲಿ ವಯಸ್ಸು ಇದೆ, ಅದನ್ನು ಅವರು ಮುಚ್ಚುವುದಿಲ್ಲ. ಎಷ್ಟು ಹಿತ!

ಅಪರಾಧವೂ ಚರಿತ್ರೆಯೂ ಒಂದೇ ಹಾಸಿಗೆಯ ಮೇಲೆ ಕೂಡುವ ಪುಸ್ತಕ ಜೋಸೆಫಿನ್ ಟೇ ಅವರ ‘ದಿ ಡಾಟರ್ ಆಫ್ ಟೈಮ್’ (1951). ಕಾಲು ಮುರಿದು ಆಸ್ಪತ್ರೆಯಲ್ಲಿ ಮಲಗಿದ ಇನ್‌ಸ್ಪೆಕ್ಟರ್ ಗ್ರಾಂಟ್, ಇಂಗ್ಲೆಂಡಿನ ಹಿಂದಿನ ದೊರೆ ಮೂರನೆಯ ರಿಚರ್ಡ್ ತನ್ನ ಅಣ್ಣನ ಮಕ್ಕಳನ್ನು ಕೊಂದದ್ದು ನಿಜವೇ ಎಂದು ಶೋಧಿಸುತ್ತಾನೆ. ಮಂಚ ಬಿಟ್ಟು ಕದಲುವುದಿಲ್ಲ, ಬರೀ ಮಾತು. ಡೆರೆಕ್ ಜಾಕೋಬಿ ಓದಿದ್ದಾರೆ. ಮಾತೇ ಕತೆಯಾದ ಪುಸ್ತಕಕ್ಕೆ ಇಂಥ ರಂಗನಟನೇ ಬೇಕು. ಒಂದು ಎಚ್ಚರಿಕೆ ಮಾತ್ರ: ಎಡ್ವರ್ಡ್, ರಿಚರ್ಡ್, ಎಲಿಜಬೆತ್ ಎಂಬ ಹೆಸರುಗಳೇ ತಲೆಮಾರು ತಲೆಮಾರಿಗೆ ಮರಳಿ ಬರುವುದರಿಂದ ವಂಶವೃಕ್ಷವೊಂದನ್ನು ಕಾಗದದಲ್ಲಿ ಬರೆದು ಎದುರಿಗಿಟ್ಟುಕೊಳ್ಳಿ. ಇನ್ನೊಂದು ಮಾತು. 2012ರಲ್ಲಿ ಲೆಸ್ಟರ್ ನಗರದ ಕಾರ್ ಪಾರ್ಕಿಂಗ್ ಜಾಗದ ಅಡಿಯಲ್ಲಿ ರಿಚರ್ಡ್‌ನ ಅಸ್ಥಿ ಸಿಕ್ಕಿತು. ಅವನ ಬಗ್ಗೆ ಹಬ್ಬಿದ್ದ ಕತೆಗಳಲ್ಲಿ ಬೆನ್ನುಮೂಳೆ ಬಾಗಿದ್ದು ನಿಜವೆಂದು ತಿಳಿಯಿತು, ಸೊರಗಿದ ಕೈಯ ಕತೆ ಮಾತ್ರ ಕಟ್ಟುಕತೆಯಾಗಿ ಉಳಿಯಿತು. ಇದನ್ನು ತಿಳಿದು ಕೇಳಿದರೆ ಗ್ರಾಂಟ್‌ನ ಆತ್ಮವಿಶ್ವಾಸ ಬೇರೆಯೇ ಬಣ್ಣ ತಳೆಯುತ್ತದೆ.

ಕ್ರಾಮ್‌ವೆಲ್ ಇನ್ನೊಂದು ಕಡೆಯೂ ಇದ್ದಾನೆ. ಸಿ. ಜೆ. ಸ್ಯಾನ್ಸಮ್ ಅವರ ‘ಡಿಸಲ್ಯೂಷನ್’ (2003) ನಡೆಯುವುದು 1537ರಲ್ಲಿ. ಮಠವೊಂದರಲ್ಲಿ ಆದ ಕೊಲೆಯನ್ನು ಪತ್ತೆಹಚ್ಚಲು ಬೆನ್ನು ಗೂನಾದ ವಕೀಲ ಷಾರ್ಡ್‌ಲೇಕ್‌ನನ್ನು ಕಳಿಸುವವನು ಅವನೇ. ಸ್ಟೀವನ್ ಕ್ರಾಸ್ಲಿ ಓದಿರುವ ಆ ಪುಸ್ತಕದಲ್ಲಿ ಕ್ರಾಮ್‌ವೆಲ್ ಎಂದರೆ ಮೇಜಿನಾಚೆ ಕುಳಿತ ಭಯ. ಮೈಲ್ಸ್ ದನಿ ಕಿವಿಯಲ್ಲಿ ತುಂಬಿರುವಾಗ ಇದಕ್ಕೆ ಹೋದರೆ ಪರಿಚಿತನೊಬ್ಬ ಮುಖ ತಿರುಗಿಸಿ ಹೋದಂತೆ ನೋವಾಗುತ್ತದೆ. ಎರಡನ್ನೂ ಬೆನ್ನಿಗೆ ಬೆನ್ನು ಹಚ್ಚಿ ಕೇಳಬೇಕೆಂದು ನನ್ನ ಗಟ್ಟಿ ಅಭಿಪ್ರಾಯ. ಆಳುವವನ ಒಳಗಿನಿಂದ ಒಮ್ಮೆ, ಅವನ ಎದುರು ನಿಂತವನಿಂದ ಒಮ್ಮೆ.

ಈಗ ನಮ್ಮ ಕಡೆಗೆ. ಹರಿಣಿ ನಾಗೇಂದ್ರ ಅವರ ‘ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್’ (2022) 1921ರ ಬೆಂಗಳೂರಿನ ಕತೆ. ಸೆಂಚುರಿ ಕ್ಲಬ್‌ನ ಔತಣದ ರಾತ್ರಿ ಕೊಲೆಯಾಗುತ್ತದೆ, ಗಣಿತಪ್ರಿಯೆಯಾದ ಹೊಸ ಮದುವಣಗಿತ್ತಿ ಕಾವೇರಿ ಪತ್ತೇದಾರಿಕೆಗೆ ಇಳಿಯುತ್ತಾಳೆ. ಇಂಗ್ಲಿಷಿನಲ್ಲಿ ಕೇಳುತ್ತಿರುವಾಗಲೂ ನನ್ನ ತಲೆಯೊಳಗೆ ಪಾತ್ರಗಳು ಕನ್ನಡದಲ್ಲೇ ಮಾತನಾಡುತ್ತಿದ್ದವು. ಅತ್ತೆ ಸೊಸೆಗೆ ಹೇಳುವ ಮಾತಿನ ಏರಿಳಿತ ಯಾವುದಿರಬೇಕೆಂದು ನಮಗೆ ಗೊತ್ತಲ್ಲ!

ನನ್ನ ದೊಡ್ಡ ಆಸೆ ಮಾತ್ರ ತ. ರಾ. ಸುಬ್ಬರಾಯರ ‘ದುರ್ಗಾಸ್ತಮಾನ’ದ ಬಗ್ಗೆ. 1779ರಲ್ಲಿ ಹೈದರಾಲಿಯ ಕೈಗೆ ಚಿತ್ರದುರ್ಗ ಹೋಯಿತೆಂದು ನಮ್ಮಲ್ಲಿ ಶಾಲೆಯ ಮಕ್ಕಳೂ ಬಲ್ಲರು. ಹೆಸರಿನಲ್ಲೇ ಅಸ್ತಮಾನವಿದೆ. ಅದನ್ನು ಪೂರ್ತಿಯಾಗಿ, ಒಂದು ಪುಟವನ್ನೂ ಕತ್ತರಿಸದೆ, ಒಬ್ಬರೇ ಓದಿರುವುದನ್ನು ಕೇಳಬೇಕು. ಕಹಳೆ, ಕುದುರೆಯ ಖುರಪುಟದ ಸದ್ದು ಯಾವುದೂ ಬೇಡ. ಸಿನಿಮಾದ ವೀರಾವೇಶದ ದನಿಯಂತೂ ಬೇಡವೇ ಬೇಡ. ದುರ್ಗದ ಬಂಡೆಗಳನ್ನು ಹತ್ತಿ ಗೊತ್ತಿದ್ದವರು, ಆ ಸೀಮೆಯ ಉಚ್ಚಾರ ನಾಲಗೆಯಲ್ಲಿದ್ದವರು, ಮದಕರಿ ನಾಯಕನ ಪಟ್ಟದ ದಿನವನ್ನು ಓದುವಾಗ ಕೋಟೆ ಬೀಳುವುದನ್ನು ಪೂರ್ತಿ ಮರೆಯಬಲ್ಲವರು ಸಿಗಬೇಕು. ಅಂಥ ದನಿ ಯಾರದೆಂದು ನಿಮಗೆ ಹೊಳೆದರೆ ತಿಳಿಸಿ. ಎಷ್ಟು ಗಂಟೆಯಾದರೂ ಸರಿ, ನಾನು ಕೇಳುತ್ತೇನೆ.