ಜಿಲೇಬಿ ಮೀನಿನ ಲೆಕ್ಕ ಬಾಸ್ ಮೀನಿಗೆ ಹೊಂದುವುದಿಲ್ಲ

ನಾರ್ತ್ ಕ್ಯಾರೊಲಿನಾದ ರಾಲಿ ಸುತ್ತಮುತ್ತ ಹಿತ್ತಲಲ್ಲಿ ಅಕ್ವಾಪೋನಿಕ್ಸ್ (ಮೀನಿನ ಟ್ಯಾಂಕಿನ ನೀರಿನಲ್ಲೇ ಗಿಡ ಬೆಳೆಸುವ ವ್ಯವಸ್ಥೆ) ಕಟ್ಟಿಕೊಟ್ಟು, ಆಮೇಲೆ ಅದರ ಸರ್ವೀಸ್ ನೋಡಿಕೊಳ್ಳುವ ಚಿಕ್ಕ ಕಂಪನಿಯೊಂದರಲ್ಲಿ ಮೀನಿನ ಕಡೆಯ ಕೆಲಸ ನನ್ನದು. ಓದಿದ್ದು ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ. ಗಿಡದ ಕಡೆಯನ್ನು ನೋಡಿಕೊಳ್ಳುವ ಹುಡುಗಿ ಬಾಗಲಕೋಟೆಯಲ್ಲಿ ತೋಟಗಾರಿಕೆ ಓದಿ ಬಂದವಳು. ಹೋದ ಬೇಸಿಗೆಯ ಒಂದು ಟಿಕೆಟ್ (ಗ್ರಾಹಕರ ದೂರು) ವಿಷಯದಲ್ಲಿ ಮೀಟಿಂಗ್‌ನಲ್ಲಿ ಅವಳ ಮೇಲೆ ತಪ್ಪು ಹೊರಿಸಿದರು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ನಮ್ಮ ಗ್ರಾಹಕರಲ್ಲಿ ಹೆಚ್ಚಿನವರು ಸಾಕುವುದು ತಿಲಾಪಿಯಾ, ಅಂದರೆ ನಮ್ಮ ಕೆರೆಗಳ ಜಿಲೇಬಿ ಮೀನು. ಆ ಮೀನು ಏನನ್ನಾದರೂ ತಡೆದುಕೊಳ್ಳುತ್ತದೆ, ಚಳಿಯೊಂದನ್ನು ಬಿಟ್ಟು. ನೀರು 10 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂತೆಂದರೆ ಸಾಯಲು ಶುರು. ಇಲ್ಲಿಯ ಚಳಿಗಾಲದಲ್ಲಿ ಹೀಟರಿನ ಕರೆಂಟ್ ಬಿಲ್ ನೋಡಿದ ಕೆಲವರು ಹೈಬ್ರಿಡ್ ಸ್ಟ್ರೈಪ್ಡ್ ಬಾಸ್ ಕಡೆ ತಿರುಗುತ್ತಾರೆ. ಸ್ಟ್ರೈಪ್ಡ್ ಬಾಸ್ ಮತ್ತು ವೈಟ್ ಬಾಸ್ ಕೂಡಿಸಿ ಮಾಡಿದ ತಳಿ ಇದು. 1960ರ ದಶಕದ ಮಧ್ಯದಲ್ಲಿ ಪಕ್ಕದ ಸೌತ್ ಕ್ಯಾರೊಲಿನಾದಲ್ಲಿ ಮೊದಲು ಹುಟ್ಟಿದ್ದು. 4 ಡಿಗ್ರಿಯಿಂದ 33 ಡಿಗ್ರಿವರೆಗೆ ಬದುಕುತ್ತದೆ, 25ರಿಂದ 27ರಲ್ಲಿ ಚೆನ್ನಾಗಿ ಬೆಳೆಯುತ್ತದೆ. ಮಾಂಸ ಬೆಳ್ಳಗೆ, ಗಟ್ಟಿ, ತಿನ್ನಲು ಬಹಳ ರುಚಿ. ಆದರೆ ಸೂಕ್ಷ್ಮ. ಬಲೆ ಹಾಕಿದರೆ ಬೆದರುತ್ತದೆ, ನೆರಳು ಬಿದ್ದರೆ ಹಾರುತ್ತದೆ, ಮರಿಗಳನ್ನು ಗಾತ್ರ ನೋಡಿ ಬೇರ್ಪಡಿಸದಿದ್ದರೆ ದೊಡ್ಡದು ಚಿಕ್ಕದನ್ನು ನುಂಗುತ್ತದೆ. ನನಗೆ ಈ ಮೀನಿನ ಮೇಲೆ ಪ್ರೀತಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಟಿಕೆಟ್‌ನಲ್ಲಿ ಇದ್ದದ್ದು ಒಂದೇ ಸಾಲು: ಮೀನು ತಿನ್ನುತ್ತಿಲ್ಲ. ಮನೆಯವರು ನಿವೃತ್ತ ಮೇಷ್ಟ್ರು, ಟ್ಯಾಂಕನ್ನು ಮಗುವಿನ ಹಾಗೆ ನೋಡಿಕೊಳ್ಳುವವರು. ನಾನು ಹೋದಾಗ ಗೇಟಿನ ಹತ್ತಿರವೇ ನಿಂತಿದ್ದರು. ಸಾಮಾನ್ಯವಾಗಿ ಬಾಸ್‌ಗೆ ಪೆಲೆಟ್ (ಮೇವಿನ ಗುಳಿಗೆ) ಎಸೆದರೆ ನೀರು ಕುದಿದ ಹಾಗಾಗುತ್ತದೆ. ಅವತ್ತು ಪೆಲೆಟ್‌ಗಳು ತೇಲಿ ತೇಲಿ ಮೂಲೆಗೆ ಸೇರಿದವು, ಒಂದೂ ಬಾಯಿ ಮೇಲೆ ಬರಲಿಲ್ಲ. ಮೀನುಗಳೆಲ್ಲ ತಳದಲ್ಲಿ, ರೆಕ್ಕೆ ಮುದುಡಿಕೊಂಡು. ಆಗೊಮ್ಮೆ ಈಗೊಮ್ಮೆ ಒಂದು ಓರೆಯಾಗಿ ಚಿಮ್ಮಿ ಮೇಲಿನ ಬಲೆಗೆ ಬಡಿದು ಮತ್ತೆ ಬೀಳುತ್ತಿತ್ತು. ಒಂದು ಆಗಲೇ ಸತ್ತಿತ್ತು.

ಈ ಕೆಲಸದಲ್ಲಿ ಮೊದಲು ಸಂಶಯ ಪಡುವುದು ಆಕ್ಸಿಜನ್ ಮೇಲೆ. ಮೀಟರ್ ಇಳಿಸುವ ಮೊದಲೇ ವ್ಯಾನಿನಲ್ಲಿದ್ದ ಬ್ಯಾಟರಿ ಪಂಪ್ ತಂದು ನೀರಿಗೆ ಗಾಳಿಗುಳ್ಳೆ ಬಿಡುವ ಎರಡು ಏರ್‌ಸ್ಟೋನ್ ಇಳಿಸಿದೆ. ಮೀಟರ್ ಲೀಟರಿಗೆ 6.9 ಮಿಲಿಗ್ರಾಂ ತೋರಿಸಿತು. ಬಾಸ್‌ಗೆ 5ರ ಮೇಲಿದ್ದರೆ ಸಾಕು, ಕೊರತೆ ಇರಲಿಲ್ಲ. ಉಷ್ಣತೆ 26, ಪಿಹೆಚ್ 7.2. ಕಿಟ್‌ನಲ್ಲಿ ಅಮೋನಿಯಾದ ಬಣ್ಣ ತಿಳಿ ಹಳದಿಯಲ್ಲೇ ನಿಂತಿತು, ಅಂದರೆ ಅಮೋನಿಯಾ ಇಲ್ಲ. ನೈಟ್ರೈಟೂ ಸೊನ್ನೆ. ಆದರೂ ಕಿಟ್ ಸುಳ್ಳು ಹೇಳುತ್ತಿದೆಯೇನೋ ಅಂತ ಸತ್ತ ಮೀನಿನ ಕಿವಿರು ಎತ್ತಿ ನೋಡಿದೆ. ನೈಟ್ರೈಟ್ ಹೆಚ್ಚಾದರೆ ರಕ್ತ ಕಂದಾಗಿ ಕಿವಿರು ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತದೆ. ಇದು ಕೆಂಪಗೇ ಇತ್ತು. ಸೈಫನ್ ಸರಿ, ಪಂಪ್ ಸರಿ, ಪಕ್ಕದ ಮನೆಯಲ್ಲಿ ಯಾರೂ ಕಳೆನಾಶಕ ಹೊಡೆದಿಲ್ಲ. ನನ್ನ ಹತ್ತಿರ ಇದ್ದ ಅಳತೆಯೆಲ್ಲ ಸರಿ ಎನ್ನುತ್ತಿದೆ, ಮೀನು ಮಾತ್ರ ಇಲ್ಲ ಎನ್ನುತ್ತಿದೆ. ಆ ಹದಿನೈದು ಇಪ್ಪತ್ತು ನಿಮಿಷ ಮೇಷ್ಟ್ರು ನನ್ನ ಪಕ್ಕ ನಿಂತು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಆಫೀಸಿಗೆ ಫೋನ್ ಮಾಡಿದೆ. ಮ್ಯಾನೇಜರ್ ಚೆಕ್‌ಲಿಸ್ಟ್ ಓದಿದರು: ಅರ್ಧ ನೀರು ತೆಗೆದು ನಲ್ಲಿ ನೀರು ತುಂಬಿಸಿ, ಟಿಕೆಟ್ ಮುಚ್ಚಿ. ಆಗಲ್ಲ ಅಂದೆ. ರಾಲಿಯ ನಲ್ಲಿ ನೀರಿನಲ್ಲಿ ಕ್ಲೋರಮೈನ್ ಇರುತ್ತದೆ, ಅಂದರೆ ಅಮೋನಿಯಾ ಜೊತೆ ಕೂಡಿದ ಕ್ಲೋರಿನ್. ಥಯೋಸಲ್ಫೇಟ್ ಹಾಕಿದರೆ ಕ್ಲೋರಿನ್ ಹೋಗುತ್ತದೆ, ಅದಕ್ಕೆ ಅಂಟಿದ್ದ ಅಮೋನಿಯಾ ಉಳಿಯುತ್ತದೆ. ಸಾಲದ್ದಕ್ಕೆ ಅದು ಮೆದು ನೀರು. ಬಾಸ್‌ಗೆ ಕ್ಯಾಲ್ಸಿಯಂ ಬೇಕು, ಗಡಸುತನ ಲೀಟರಿಗೆ 100 ಮಿಲಿಗ್ರಾಂ ಮೇಲಿರಬೇಕು. ಮೊದಲೇ ನರಳುತ್ತಿರುವ ಮೀನಿನ ಮೇಲೆ ಅಂಥ ನೀರನ್ನು ಒಮ್ಮೆಲೇ ಅರ್ಧ ಟ್ಯಾಂಕ್ ಸುರಿದರೆ ಉಳಿದವೂ ಹೋಗುತ್ತವೆ.

ಆಮೇಲೆ ಬಾಗಲಕೋಟೆಯ ಹುಡುಗಿಗೆ ಫೋನ್ ಮಾಡಿ, ಗಿಡಕ್ಕೆ ಏನಾದರೂ ಹಾಕಿದ್ದೆಯಾ ಅಂತ ಕೇಳಿದೆ.

“ಟೊಮ್ಯಾಟೊ ಎಲಿ ಅಂಚು ಸುಡ್ಲಿಕತ್ತಿದ್ವು ಅಣ್ಣಾರ, ಚಾರ್ಟ್ ನೋಡೇ ಪೊಟ್ಯಾಷ್ ಏರಿಸೇನಿ. ಆ್ಯಪ್‌ನಾಗ ಬರದೇನಲ್ರಿ.”

ಬರೆದಿದ್ದಳು, ನಿಜ. ಆದರೆ ನಮ್ಮ ಆ್ಯಪ್‌ನಲ್ಲಿ ಗಿಡದ ಪುಟ ಬೇರೆ, ಮೀನಿನ ಪುಟ ಬೇರೆ. ಅವಳ ಪುಟ ನನಗೆ ಕಾಣುವುದಿಲ್ಲ, ನನ್ನದು ಅವಳಿಗೆ ಕಾಣುವುದಿಲ್ಲ. ಪಿಹೆಚ್ ಏರಿಸಲು ಮೇಷ್ಟ್ರಿಗೆ ಆಫೀಸಿನವರು ಕೊಟ್ಟಿದ್ದ ಬಾಟಲಿ ತಿರುಗಿಸಿ ನೋಡಿದೆ: ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಪೊಟ್ಯಾಷ್ ಅಂದರೂ ಪೊಟ್ಯಾಸಿಯಂ ಗೊಬ್ಬರವೇ. ಗಿಡದ ಕಡೆಯಿಂದ ಪೊಟ್ಯಾಷ್, ಪಿಹೆಚ್ ಕಡೆಯಿಂದಲೂ ಪೊಟ್ಯಾಷ್. ಹಾಕಿದವರು ಇಬ್ಬರು, ನೀರು ಒಂದೇ.

ಪೊಟ್ಯಾಷ್ ಹಾಕುವುದೇ ತಪ್ಪು ಅಂತಲ್ಲ. ಮೀನಿನ ಮೇವಿನಿಂದ ಗಿಡಕ್ಕೆ ಸಾರಜನಕ ಧಾರಾಳವಾಗಿ ಸಿಗುತ್ತದೆ. ಪೊಟ್ಯಾಸಿಯಂ, ಕ್ಯಾಲ್ಸಿಯಂ, ಕಬ್ಬಿಣ ಈ ಮೂರು ಸಾಲದೆ ಬರುತ್ತವೆ. ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ನೀರು ಹುಳಿಯಾಗುತ್ತಾ ಹೋಗುವುದರಿಂದ ಪಿಹೆಚ್ ಏರಿಸುವ ಏನನ್ನಾದರೂ ಹಾಕಲೇಬೇಕು. ತಿಲಾಪಿಯಾ ಟ್ಯಾಂಕಿಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎರಡನ್ನೂ ಸರದಿಯಂತೆ ಹಾಕುವುದು ವರ್ಜಿನ್ ಐಲ್ಯಾಂಡ್ಸ್ ವಿಶ್ವವಿದ್ಯಾಲಯದಿಂದ ಬಂದ ರೂಢಿ. ಅಲ್ಲಿ ಬಹಳ ಕಾಲ ಈ ಪದ್ಧತಿಯನ್ನು ಬೆಳೆಸಿದ ಜೇಮ್ಸ್ ರಕೋಸಿ ಮತ್ತು ಜೊತೆಗಾರರು 2006ರ ಕೈಪಿಡಿಯಲ್ಲಿ ಇನ್ನೊಂದು ಮಾತನ್ನೂ ಬರೆದಿದ್ದಾರೆ: ಹೈಬ್ರಿಡ್ ಸ್ಟ್ರೈಪ್ಡ್ ಬಾಸ್ ಹೆಚ್ಚಿನ ಪೊಟ್ಯಾಸಿಯಂ ತಡೆಯುವುದಿಲ್ಲ, ಅದಕ್ಕೇ ಅಕ್ವಾಪೋನಿಕ್ಸ್‌ನಲ್ಲಿ ಏಳಿಗೆಯಾಗುವುದಿಲ್ಲ ಎನ್ನುವ ವರದಿಗಳಿವೆ ಅಂತ. ನಮ್ಮ ಚೆಕ್‌ಲಿಸ್ಟ್ ಬರೆದವರು ರೂಢಿಯನ್ನು ಎತ್ತಿಕೊಂಡರು, ಎಚ್ಚರಿಕೆಯನ್ನು ಅಲ್ಲೇ ಬಿಟ್ಟರು.

ಪೊಟ್ಯಾಸಿಯಂ ಅಳೆಯುವ ಕಿಟ್ ವ್ಯಾನಿನಲ್ಲಿ ಇರಲಿಲ್ಲ. ಆದರೂ ಕಾಯುವಂತಿರಲಿಲ್ಲ. ಮೇಷ್ಟ್ರ ಖಾಲಿ ಡ್ರಮ್ಮುಗಳಿಗೆಲ್ಲ ನಲ್ಲಿ ನೀರು ಹಿಡಿದು, ಥಯೋಸಲ್ಫೇಟ್ ಹಾಕಿ, ಗಾಳಿ ಬಿಟ್ಟು, ಕ್ಯಾಲ್ಸಿಯಂ ಕ್ಲೋರೈಡ್‌ನಿಂದ ಗಡಸು ಮಾಡಿ, ಉಷ್ಣತೆ ಹೊಂದಿಸಿ, ಟ್ಯಾಂಕಿನ ಐದನೇ ಒಂದು ಭಾಗವನ್ನಷ್ಟೇ ಬದಲಿಸಿದೆವು. ಉಳಿದ ಅಮೋನಿಯಾವನ್ನು ಗಿಡದ ಬೆಡ್ಡಿನ ಬ್ಯಾಕ್ಟೀರಿಯಾ ಅರಗಿಸಿಕೊಳ್ಳಲು ಬಿಡುವು ಕೊಟ್ಟು ಮತ್ತೊಮ್ಮೆ. ಕತ್ತಲಾಗುವ ಹೊತ್ತಿಗೆ ಮೂರನೆಯದು. ಮೇವು ಪೂರ್ತಿ ನಿಲ್ಲಿಸಿದೆವು. ರಾತ್ರಿ ಇನ್ನೂ ಕೆಲವು ಸತ್ತವು, ಹೆಚ್ಚಿನವು ಉಳಿದವು. ಕೆಲವು ದಿನ ಬಿಟ್ಟು ಮೇಷ್ಟ್ರೇ ಫೋನ್ ಮಾಡಿದರು. ಪೆಲೆಟ್ ಎಸೆದ ತಕ್ಷಣ ನೀರು ಒದ್ದವಂತೆ. ಲ್ಯಾಬ್ ವರದಿ ಬಂದಾಗ ಪೊಟ್ಯಾಸಿಯಂ ಟೊಮ್ಯಾಟೊಗೆ ಬೇಕಾದದ್ದಕ್ಕಿಂತಲೂ ಎಷ್ಟೋ ಮೇಲಿತ್ತು.

ಇನ್ನು ಆ ಮೀಟಿಂಗ್. ಡೋಸ್ ಕೊಟ್ಟವಳು ಅವಳು, ಆದ್ದರಿಂದ ಹೊಣೆ ಅವಳದು ಎಂದು ಮ್ಯಾನೇಜರ್ ಮುಗಿಸಿಬಿಟ್ಟರು. ಅವಳು ಎಲೆ ನೋಡಿ ಕೊರತೆಯನ್ನು ಸರಿಯಾಗಿ ಗುರುತಿಸಿದ್ದಳು. ಕಂಪನಿಯ ಚಾರ್ಟ್ ಪ್ರಕಾರವೇ ಅಳೆದಿದ್ದಳು. ಟ್ಯಾಂಕಿನಲ್ಲಿರುವುದು ತಿಲಾಪಿಯಾ ಅಲ್ಲ ಎಂದು ತಿಳಿಸುವ ಒಂದು ಗೆರೆಯೂ ಅವಳ ಪುಟದಲ್ಲಿ ಇರಲಿಲ್ಲ. ಎರಡೂ ಪುಟಗಳನ್ನು ಪ್ರಿಂಟ್ ಹಾಕಿ ಮೇಜಿನ ಮೇಲೆ ಇಟ್ಟು ಇದನ್ನೆಲ್ಲ ಹೇಳಿದೆ. ಮ್ಯಾನೇಜರ್ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ, ಅವಳ ಫೈಲಿನಲ್ಲಿ ಏನೂ ಬರೆಯಲೂ ಇಲ್ಲ.

ಈಗ ಬಾಸ್ ಇರುವ ಮನೆಗಳಿಗೆ ನಾವಿಬ್ಬರೂ ಸೇರಿ ಬೇರೆ ಹಾಳೆ ಮಾಡಿಕೊಂಡಿದ್ದೇವೆ. ಪಿಹೆಚ್‌ಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಮಾತ್ರ, ಅದೂ ಸ್ವಲ್ಪ ಸ್ವಲ್ಪವೇ, ಏಕೆಂದರೆ ಪಿಹೆಚ್ ಒಂದು ಅಂಕ ಏರಿದರೆ ವಿಷವಾಗುವ ಅಮೋನಿಯಾದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಬೆಡ್ಡಿನಲ್ಲಿ ಲೆಟ್ಯೂಸ್, ಬೇಸಿಲ್‌ನಂಥ ಎಲೆ ಬೆಳೆ. ಎಲೆಯಲ್ಲಿ ಕೊರತೆ ಕಂಡರೆ ಪೊಟ್ಯಾಸಿಯಂ ಸಲ್ಫೇಟನ್ನು ತೆಳ್ಳಗೆ ಕರಗಿಸಿ ಎಲೆಗೆ ಸಿಂಪಡಿಸುತ್ತಾಳೆ, ನೀರಿಗೆ ಹಾಕುವುದಿಲ್ಲ. ಮೇಷ್ಟ್ರು ಟೊಮ್ಯಾಟೊ ಬಿಡಲು ಒಪ್ಪಲಿಲ್ಲ. ಅವನ್ನು ಹೊರಗೆ ಮಣ್ಣಿನ ಕುಂಡಗಳಿಗೆ ಸಾಗಿಸಿದ್ದಾರೆ, ಅಲ್ಲಿ ಎಷ್ಟು ಪೊಟ್ಯಾಷ್ ಬೇಕಾದರೂ ಹಾಕಲಿ.

ಆ್ಯಪ್‌ನಲ್ಲಿ ಮೀನಿನ ತಳಿ ಬರೆಯುವ ಜಾಗ ಬಂದಿದೆ, ಆದರೆ ತಾನಾಗಿ ತುಂಬಿಕೊಳ್ಳುವುದು ತಿಲಾಪಿಯಾ ಅಂತಲೇ. ಹೊಸಬರು ಅದನ್ನು ಬದಲಿಸಲು ಮರೆಯುತ್ತಾರೆ. ಪ್ರತಿ ವ್ಯಾನಿಗೂ ಒಂದು ಪೊಟ್ಯಾಸಿಯಂ ಕಿಟ್ ಕೊಡಿ ಎಂದು ಕೇಳಿದ ಪತ್ರಕ್ಕೆ ಇನ್ನೂ ಸಹಿ ಬಿದ್ದಿಲ್ಲ. ಸದ್ಯ ಬಾಸ್ ಇರುವ ಮನೆಗಳ ನೀರನ್ನು ತಿಂಗಳಿಗೊಮ್ಮೆ ಲ್ಯಾಬ್‌ಗೆ ಕಳಿಸುತ್ತಿದ್ದೇವೆ, ವರದಿಯನ್ನು ಇಬ್ಬರೂ ಓದಿ ಸಹಿ ಮಾಡುತ್ತೇವೆ.