ಟಿಶ್ಯೂ ಮೇಲೆ ಒಂದು ಹನಿ

ಇವತ್ತು ಫ್ಲೈಓವರ್ ಏರುವಾಗ ನಮ್ಮ ಹಳೇ ಆಟೋಮ್ಯಾಟಿಕ್ ಕಾರು ಕೈಕೊಟ್ಟಿತು. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕಿರುಚುತ್ತದೆ, ಕಾರು ಮಾತ್ರ ಎಮ್ಮೆ ನಡಿಗೆ.

ಇಂಜಿನ್ನೇ ಹೋಯ್ತು ಅಂದುಕೊಂಡೆ. ಮೆಕ್ಯಾನಿಕ್ ಕೇಳಿದ್ದು ಒಂದೇ ಪ್ರಶ್ನೆ. "ಆರ್‌ಪಿಎಂ ಮುಳ್ಳು ಏರುತ್ತಾ ಸರ್?"

ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತೆ ಅಂತ ತೋರಿಸುವ ಮುಳ್ಳು ಅದು. ಏರುತ್ತೆ. 4000 ದಾಟುತ್ತೆ.

"ಹಾಗಾದ್ರೆ ಇಂಜಿನ್ನನ್ನ ಬೈಬೇಡಿ. ಗೇರ್‌ಬಾಕ್ಸ್ ಜಾರ್ತಿದೆ, ಇಂಜಿನ್ ಶಕ್ತಿ ಚಕ್ರಕ್ಕೆ ಪೂರ್ತಿ ತಲುಪ್ತಿಲ್ಲ."

ಮುಳ್ಳೇ ಏರದಿದ್ದರೆ ಏರ್ ಫಿಲ್ಟರ್, ಪೆಟ್ರೋಲ್ ಪಂಪು ಅಂತ ಹುಡುಕಬೇಕಿತ್ತಂತೆ.

ಇಂಜಿನ್ ಓಡುತ್ತಿರುವಾಗಲೇ ಗೇರ್‌ಬಾಕ್ಸಿನ ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಎಳೆದು, ಟಿಶ್ಯೂ ಮೇಲೆ ಒಂದು ಹನಿ ಬಿಟ್ಟರು. ಹೊಸ ಆಯಿಲ್ ದಾಸವಾಳದ ಹಾಗೆ ಕೆಂಪಗಿರುತ್ತದೆ. ನಮ್ಮದು ಗಟ್ಟಿ ಡಿಕಾಕ್ಷನ್. ಮೂಗಿನ ಹತ್ತಿರ ಹಿಡಿದರೆ ಸೀದ ವಾಸನೆ. ಅದೂ ಅಳತೆಗಿಂತ ಕಮ್ಮಿ.

ಇಂಜಿನ್ ಆಯಿಲ್ ಮಾತ್ರ ತಪ್ಪದೇ ಬದಲಿಸುತ್ತಿದ್ದೆ. ಗೇರ್‌ಬಾಕ್ಸಿಗೂ ಒಂದು ಹೊಟ್ಟೆ ಇದೆ ಅಂತ ಹೊಳೆದೇ ಇರಲಿಲ್ಲ. ಎರಡು ತಿಂಗಳಿಂದ ಎರಡನೇ ಗೇರಿಂದ ಮೂರಕ್ಕೆ ಹೋಗುವಾಗ ಸಣ್ಣಗೆ ಜಗ್ಗುತ್ತಿತ್ತು ಪಾಪ. ನಾನು ಸುಮ್ನೆ ಹಾಡಿನ ವಾಲ್ಯೂಮ್ ಜಾಸ್ತಿ ಮಾಡಿಕೊಳ್ಳುತ್ತಿದ್ದೆ. ಮೆಲ್ಲಗೆ ಹೇಳಿದ್ದು ನಮಗೆ ಕೇಳಿಸುವುದೇ ಇಲ್ಲ, ಅಲ್ವಾ?

ಆ ಟಿಶ್ಯೂ ಇನ್ನೂ ಜೇಬಲ್ಲೇ ಇತ್ತು. ಒಗೆಯೋಕೆ ಹಾಕುವಾಗ ಇವಳು ಕೇಳಿದಳು, "ಕಾಫಿ ಎಲ್ಲಿ ಚೆಲ್ಲಿಕೊಂಡ್ರಿ?"